ಥರ್ಟಿ-ಫಾರ್ಟಿ ಜಾಗದಲ್ಲಿ ಬಡಾವಣೆಯ ತೋಟ: ಮಣ್ಣು ಹದ ಮಾಡುವುದರಿಂದ ಹಕ್ಕಿ ಎಣಿಸುವವರೆಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಪರಿಸರ ದಿನವಾದ ಜೂನ್ 5 ಬಂತೆಂದರೆ ಗುಂಡಿ ತೋಡಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ಮುಂದಿನ ಯುಗಾದಿಯ ಹೊತ್ತಿಗೆ ಆ ಗುಂಡಿಯಲ್ಲಿ ಒಣಗಿದ ಕಡ್ಡಿ, ಟ್ರೀ ಗಾರ್ಡಿನ ಮೇಲೆ ದಾನಿಗಳ ಹೆಸರು, ಇಷ್ಟೇ ಉಳಿದಿರುತ್ತದೆ. ಕಾರ್ಯಕ್ರಮ ಮೊದಲು, ತೋಟ ಆಮೇಲೆ ಎಂದು ಹೊರಟರೆ ಆಗುವುದೇ ಹೀಗೆ. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುವುಮುರುವು. ವಾರದ ಏಳೂ ದಿನ ನೀರು ಹಾಕುವವರು ಯಾರೆಂದು ಮೊದಲು ಗೊತ್ತಾಗಬೇಕು, ಆಮೇಲೆ ಪಾತಿ. ತೋಟದಲ್ಲಿ ಆ ತಿಂಗಳು ಯಾವ ಕೆಲಸ ಬಂದಿದೆಯೋ ಅದೇ ಆ ತಿಂಗಳ ಕಾರ್ಯಕ್ರಮ.

ಅಳತೆಗಳೆಲ್ಲ 30×40 ಅಡಿ ಜಾಗಕ್ಕೆ, ಬೆಂಗಳೂರು ಮತ್ತು ಸುತ್ತಲಿನ ಬಯಲುಸೀಮೆಯ ಹವೆಗೆ ಹೊಂದುವಂತಿವೆ. ಕರಾವಳಿ, ಮಲೆನಾಡಿನವರು ಬಿತ್ತನೆಯ ತಿಂಗಳುಗಳನ್ನು ತಮ್ಮ ಮಳೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಜಾಗ ಮತ್ತು ಕಾಗದ

ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ಮೂರೂವರೆ, ಈ ಮೂರು ಹೊತ್ತು ಜಾಗಕ್ಕೆ ಹೋಗಿ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಟೊಮ್ಯಾಟೊ, ಬದನೆ, ಬೆಂಡೆ, ಅವರೆಗೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆ ಸಾಕು. ಪಕ್ಕದ ನಾಲ್ಕು ಮಹಡಿ ಕಟ್ಟಡದಿಂದಾಗಿ ಅಷ್ಟೂ ಸಿಗದಿದ್ದರೆ ತರಕಾರಿಯ ಆಸೆ ಬಿಟ್ಟು ಒಂದೆಲಗ, ದೊಡ್ಡಪತ್ರೆ, ಕೆಸು, ಶುಂಠಿ, ಅರಿಸಿನ ಹಾಕಿ. ನೆರಳಿನಲ್ಲಿ ಟೊಮ್ಯಾಟೊ ಆಳೆತ್ತರ ಬೆಳೆಯುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ.

ರಾಜಕಾಲುವೆಯ ಅಂಚು, ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕುವ ಜಾಗ, ಹಳೆಯ ಗ್ಯಾರೇಜಿನ ಜಾಗ ಬೇಡ. ಮುಖ್ಯರಸ್ತೆಗೆ ಅಂಟಿಕೊಂಡಿದ್ದರೆ ರಸ್ತೆ ಬದಿಯ ಹತ್ತಡಿಯಲ್ಲಿ ಸೊಪ್ಪು ಬೆಳೆಯದೆ ಹೂವಿನ ಗಿಡ, ದಟ್ಟ ಬೇಲಿ ಇರಲಿ. ಧೂಳೆಲ್ಲ ಕೂರುವುದು ಸೊಪ್ಪಿನ ಎಲೆಯ ಮೇಲೆಯೇ.

ಪಾರ್ಕಿನ ಮೂಲೆಯಾದರೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಪತ್ರ ಕೊಡಬೇಕು. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇರುವುದರಿಂದ ಶಾಶ್ವತ ಕಟ್ಟಡ, ಶೆಡ್ಡುಗಳ ಮಾತು ಎತ್ತಲೇಬೇಡಿ. ಪತ್ರದಲ್ಲಿ ಇಷ್ಟಿರಲಿ: ಎಷ್ಟು ಚದರಡಿ, ಏನು ಬೆಳೆಯುತ್ತೀರಿ, ನೀರು ಎಲ್ಲಿಂದ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಜನ ಸೇರುತ್ತಾರೆ, ಜವಾಬ್ದಾರರು ಯಾರು, ಯಾವ ಮರಕ್ಕೂ ಕೈ ಹಚ್ಚುವುದಿಲ್ಲ ಎಂಬ ಮಾತು. ಮರ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ನೆರಳು ಹೆಚ್ಚಾಯಿತೆಂದು ಕೊಂಬೆ ಸವರುವುದಿದ್ದರೂ ಅವರನ್ನೇ ಕೇಳಿ. ‘ಮಾಡ್ಕೊಳ್ಳಿ ಸಾರ್, ಏನೂ ತೊಂದರೆ ಇಲ್ಲ’ ಎಂಬ ಬಾಯಿಮಾತಿನ ಒಪ್ಪಿಗೆ ಆ ಅಧಿಕಾರಿಯ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಬರಹದಲ್ಲಿ ಪಡೆಯಿರಿ.

ಖಾಸಗಿ ಖಾಲಿ ಸೈಟಾದರೆ ಮಾಲೀಕರ ಹೆದರಿಕೆ ಒಂದೇ: ಇವರು ಮತ್ತೆ ಏಳುತ್ತಾರೋ ಇಲ್ಲವೋ. ಆದ್ದರಿಂದ 11 ತಿಂಗಳ ಒಪ್ಪಿಗೆ ಪತ್ರ, ಕೇಳಿದ 60 ದಿನದೊಳಗೆ ತೆರವು, ಮರ ನೆಡುವುದಿಲ್ಲ, ಇಟ್ಟಿಗೆ ಕಟ್ಟುವುದಿಲ್ಲ ಎಂದು ನೀವೇ ಮುಂದಾಗಿ ಬರೆದುಕೊಡಿ. ಇಷ್ಟು ಕಂಡರೆ ಎಷ್ಟೋ ಮಾಲೀಕರು ಒಪ್ಪುತ್ತಾರೆ. ಪಾರ್ಥೇನಿಯಂ, ಕಸದ ರಾಶಿಗಿಂತ ಸೊಪ್ಪಿನ ಪಾತಿ ಅವರಿಗೂ ವಾಸಿ.

ನೀರು ಮತ್ತು ಬುಧವಾರ

ಭಾನುವಾರ ಕರೆದರೆ ಮೂವತ್ತು ಜನ ಬರುತ್ತಾರೆ. ಬುಧವಾರ ಬೆಳಗ್ಗೆ ಏಳಕ್ಕೆ ನೀರು ಹಾಕುವವರು ಯಾರು? ಏಳು ದಿನಕ್ಕೆ ಏಳು ಮನೆ, ಪ್ರತಿ ಮನೆಗೆ ಒಂದು ಬದಲಿ ಮನೆ, ಒಟ್ಟು ಹದಿನಾಲ್ಕು ಹೆಸರು ಹಾಳೆಯ ಮೇಲೆ ಬರುವ ತನಕ ಗುದ್ದಲಿ ಎತ್ತಬೇಡಿ. ಹದಿನಾಲ್ಕು ಸಿಗದೆ ಆರೇ ಮನೆ ಸಿಕ್ಕರೆ ಎಂಟು ಪಾತಿಯ ಬದಲು ಮೂರು ಪಾತಿಯಿಂದ ಶುರು ಮಾಡಿ.

ಎಂಟು ಪಾತಿಯ ಒಟ್ಟು ನೆಲ 320 ಚದರಡಿ, ಅಂದರೆ ಸುಮಾರು 30 ಚದರ ಮೀಟರು. ಮಾರ್ಚ್, ಏಪ್ರಿಲ್‌ನಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರು ಬೇಕು, ಒಟ್ಟು 150 ಲೀಟರು. 500 ಲೀಟರಿನ ಸಿಂಟೆಕ್ಸ್ ಮೂರು ದಿನಕ್ಕೆ ಖಾಲಿ. ಎರಡು ಇಂಚು ದಪ್ಪ ಒಣ ಎಲೆ ಹೊದಿಸಿದರೆ ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತದೆ. ಡ್ರಿಪ್ ಪೈಪಿನ ಖರ್ಚಿಗೆ ಮುಂಚೆ ಈ ಎಲೆ ಹೊದಿಕೆ ಮಾಡಿ ನೋಡಿ.

ಕಾವೇರಿ ನೀರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕದ ನೀರು ಸಿಕ್ಕರೆ ಒಳ್ಳೆಯದು. ಆದರೆ ಹಸಿಯಾಗಿ ತಿನ್ನುವ ಕೊತ್ತಂಬರಿ, ಒಂದೆಲಗಕ್ಕೆ ಅದು ಬೇಡ. ಉಳಿದವಕ್ಕೂ ಬುಡಕ್ಕಷ್ಟೇ ಹಾಕಿ, ಎಲೆಯ ಮೇಲೆ ಚಿಮುಕಿಸಬೇಡಿ. ಆ ನೀರಿನ ನಾತ ಮೂಗಿಗೆ ಬಡಿಯುತ್ತಿದ್ದರೆ ಘಟಕ ಸರಿಯಾಗಿ ಓಡುತ್ತಿಲ್ಲ ಎಂದರ್ಥ. ಅದು ಸರಿಯಾಗುವ ತನಕ ತೋಟಕ್ಕೆ ಬಿಡಬೇಡಿ.

ಡ್ರಮ್ಮು, ಟ್ಯಾಂಕುಗಳಿಗೆ ಬಿಗಿ ಮುಚ್ಚಳ ಅಥವಾ ಸೊಳ್ಳೆ ಬಲೆ ಕಡ್ಡಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕುಂಡದ ತಟ್ಟೆ, ಬಕೆಟ್ಟು, ಒಡೆದ ಟೈರುಗಳನ್ನು ವಾರಕ್ಕೊಮ್ಮೆ ಬೋರಲು ಹಾಕುವುದು ಶನಿವಾರದ ಮನೆಯವರ ಕೆಲಸ ಎಂದು ಪಟ್ಟಿಯಲ್ಲೇ ಬರೆಯಿರಿ. ಬಡಾವಣೆಯಲ್ಲಿ ಒಂದು ಡೆಂಗಿ ಪ್ರಕರಣ ಬಂದರೂ ಬೆರಳು ತೋಟದ ಕಡೆಗೇ ತಿರುಗುತ್ತದೆ.

ಪಾತಿ ಹಾಕುವುದು

30 ಅಡಿ ಅಗಲದಲ್ಲಿ ನಡುವೆ 4 ಅಡಿ ದಾರಿ, ದಾರಿಯ ಎರಡೂ ಕಡೆ 10 ಅಡಿ ಉದ್ದದ ಪಾತಿ, ಆಚೆ ಎರಡೂ ಅಂಚಿನಲ್ಲಿ 3 ಅಡಿ ಪಟ್ಟಿ. ಪಾತಿಯ ಅಗಲ 4 ಅಡಿ, ಎರಡು ಪಾತಿಗಳ ನಡುವೆ 2 ಅಡಿ. ಹೀಗೆ ಒಂದೊಂದು ಕಡೆ ನಾಲ್ಕು ಪಾತಿಗೆ 22 ಅಡಿ ಹೋಗುತ್ತದೆ. ಮುಂದೆ ಉಳಿದ 18 ಅಡಿ ಜನ ಕೂರುವುದಕ್ಕೆ, ಗೊಬ್ಬರಕ್ಕೆ, ಟ್ಯಾಂಕಿಗೆ. ಪಾತಿ 4 ಅಡಿಗಿಂತ ಅಗಲವಾದರೆ ನಡುವಿಗೆ ಕೈ ಎಟುಕದೆ ಜನ ಒಳಗೆ ಕಾಲಿಡುತ್ತಾರೆ, ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಹೋಗುವುದಿಲ್ಲ. ಮಕ್ಕಳದೇ ಪಾತಿ ಎಂದು ಒಂದನ್ನು ಬಿಟ್ಟರೆ ಅದು 3 ಅಡಿ ಇರಲಿ. ನಡುದಾರಿಯ 4 ಅಡಿ ಗಾಲಿಕುರ್ಚಿಗೂ ಊರುಗೋಲಿನ ಅಜ್ಜಿಗೂ ಬೇಕು, ಅದನ್ನು ಕಡಿಮೆ ಮಾಡಬೇಡಿ. ಬಳ್ಳಿಯ ಚಪ್ಪರ ಉತ್ತರದ ಅಂಚಿನಲ್ಲಿರಲಿ. ದಕ್ಷಿಣಕ್ಕೆ ಕಟ್ಟಿದರೆ ಚಳಿಗಾಲವಿಡೀ ಅದರ ನೆರಳು ಪಾತಿಗಳ ಮೇಲೆ.

ಬಡಾವಣೆಯ ಖಾಲಿ ಜಾಗದ ಮಣ್ಣು ಎಂದರೆ ಅರ್ಧ ಮಣ್ಣು, ಅರ್ಧ ಕಟ್ಟಡದ ಡೆಬ್ರಿ. ಒಂದು ಅಡಿ ಅಗೆದು, ಕಲ್ಲು, ಇಟ್ಟಿಗೆ ಚೂರು, ಗಾಜು, ಮೊಳೆ ಜರಡಿ ಹಿಡಿದು ತೆಗೆಯಬೇಕು. ಈ ಕೆಲಸಕ್ಕೆ ಸ್ವಯಂಸೇವಕರನ್ನು ಕರೆಯಬೇಡಿ. ಮೊದಲ ಭಾನುವಾರವೇ ಅಂಗೈಯಲ್ಲಿ ಬೊಬ್ಬೆ ಎದ್ದವರು ಎರಡನೆಯ ಭಾನುವಾರ ಬರುವುದಿಲ್ಲ. ಇಬ್ಬರು ಕೂಲಿಯಾಳುಗಳಿಗೆ ಮೂರು-ನಾಲ್ಕು ದಿನದ ಕೆಲಸ ಅದು, ಕೂಲಿ ಕೊಟ್ಟು ಮಾಡಿಸಿ. ಒಂದು ಹಿಡಿ ಮಣ್ಣಿಗೆ ವಿನೆಗರ್ ಹಾಕಿದಾಗ ನೊರೆ ಎದ್ದರೆ ಸಿಮೆಂಟು, ಸುಣ್ಣ ಸೇರಿದೆ ಎಂದರ್ಥ. ಅಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕದೆ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ನಿಲ್ಲುತ್ತವೆ. ಎಷ್ಟು ಗೊಬ್ಬರ ಸುರಿದರೂ ಬಣ್ಣ ತಿರುಗದು. ಆ ಭಾಗದ ಮಣ್ಣು ತೆಗೆದು ಹೊರಗಿನ ಕೆಮ್ಮಣ್ಣು ತುಂಬುವುದೇ ದಾರಿ.

ಪಾತಿಯೊಂದಕ್ಕೆ 15ರಿಂದ 20 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಕಳಿತಿದೆಯೇ ಎಂದು ತಿಳಿಯಲು ಮೂಸಿ ನೋಡಿ: ಸಗಣಿಯ ವಾಸನೆ ಇರಬಾರದು, ಮಳೆ ಬಿದ್ದ ನೆಲದ ವಾಸನೆ ಇರಬೇಕು, ಹಿಂಡಿದರೆ ಉದುರಬೇಕು. ಅರೆಬೆಂದ ಗೊಬ್ಬರದ ಜೊತೆ ಗೊಣ್ಣೆಹುಳು ಬರುತ್ತದೆ, ಗೆದ್ದಲೂ ಹತ್ತುತ್ತದೆ. ಅನುಮಾನವಿದ್ದರೆ ಒಂದು ಲೋಟದಲ್ಲಿ ಗೊಬ್ಬರ ತುಂಬಿ ಹತ್ತು ಕಾಳು ಮೆಂತ್ಯ ಹಾಕಿ. ಐದು ದಿನದಲ್ಲಿ ಏಳೆಂಟು ಮೊಳೆತರೆ ಬಳಸಬಹುದು.

ಜೀವಾಮೃತವೆಂಬ ದ್ರವಗೊಬ್ಬರದ ಅಳತೆ 20 ಲೀಟರು ನೀರಿಗೆ: ಸಗಣಿ 1 ಕೆಜಿ, ಗಂಜಲ 1 ಲೀಟರು, ಬೆಲ್ಲ 200 ಗ್ರಾಂ, ದ್ವಿದಳ ಧಾನ್ಯದ ಹಿಟ್ಟು 200 ಗ್ರಾಂ, ಮರದ ಬುಡದ ಮಣ್ಣು ಒಂದು ಹಿಡಿ. ನೆರಳಿನಲ್ಲಿ 48 ಗಂಟೆ ಇಟ್ಟು ಬೆಳಗ್ಗೆ ಸಂಜೆ ಕೋಲಿನಿಂದ ತಿರುವಿ, ಗೋಣಿ ಮುಚ್ಚಿ, ವಾರದೊಳಗೆ ಬಳಸಿ. ಮುಚ್ಚಳ ಬಿಗಿದಿಟ್ಟರೆ ಗಾಳಿಯಾಡದೆ ಕೊಳೆತು ನಾರುತ್ತದೆ.

ಉದುರಿದ ಎಲೆಗೆ ಬೆಂಕಿ ಬೇಡ

ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ. ಆಗ ಬೀದಿ ಗುಡಿಸಿದ ರಾಶಿಗೆ ಬೆಂಕಿ ಇಡುವುದನ್ನು ತಪ್ಪಿಸಿದರೆ ವರ್ಷದ ಗೊಬ್ಬರ ಪುಕ್ಕಟೆ. 10 ಅಡಿ ಉದ್ದ, 4 ಅಡಿ ಎತ್ತರದ ಕಬ್ಬಿಣದ ಮೆಶ್ ತಂದು ಎರಡೂ ತುದಿ ತಂತಿಯಲ್ಲಿ ಹೊಲಿದರೆ ಮೂರಡಿಗಿಂತ ತುಸು ಅಗಲದ ಗುಡಾಣ ಸಿದ್ಧ. ಪೌರಕಾರ್ಮಿಕರಿಗೆ ಮೊದಲೇ ಹೇಳಿಟ್ಟರೆ ಎಲೆಯನ್ನು ಚೀಲದಲ್ಲಿ ತಂದು ಕೊಡುತ್ತಾರೆ. ಅವರ ಕೆಲಸ ಹೆಚ್ಚಿಸುವುದಾದರೆ ಕೈಗೆ ಏನಾದರೂ ಕೊಡುವುದು ನ್ಯಾಯ.

ಒಂದಡಿ ಒಣ ಎಲೆ, ಅದರ ಮೇಲೆ ಒಂದೆರಡು ಇಂಚು ತರಕಾರಿ ಸಿಪ್ಪೆ, ಇಲ್ಲವೇ 10 ಲೀಟರಿನಲ್ಲಿ 1 ಕೆಜಿ ಸಗಣಿ ಕದಡಿದ ಬಗ್ಗಡ. ಹೀಗೆ ಪದರ ಪದರವಾಗಿ ತುಂಬುತ್ತಾ ಹೋಗಿ. ಹಿಡಿಯಷ್ಟು ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ಮೆಶ್ ಬಿಚ್ಚಿ ಮಗುಚಿ ಮತ್ತೆ ತುಂಬಿ. ಮೂರು-ನಾಲ್ಕು ತಿಂಗಳಲ್ಲಿ ರಾಶಿ ಮೂರನೇ ಒಂದರಷ್ಟಾಗಿ ಇಳಿದಿರುತ್ತದೆ. ಮಳೆಮರದ ಪುಟ್ಟ ಎಲೆ ಬೇಗ ಕಳಿಯುತ್ತದೆ. ಮಾವು, ಕಾಡುಬಾದಾಮಿಯ ಎಲೆ ಕತ್ತರಿಸಿ ಹಾಕದಿದ್ದರೆ ಒಂದರ ಮೇಲೊಂದು ಅಂಟಿಕೊಂಡು ಕೂರುತ್ತವೆ. ರಾಶಿ ನಾರಿದರೆ ನೀರು ಹೆಚ್ಚು, ಇನ್ನಷ್ಟು ಒಣ ಎಲೆ ಸೇರಿಸಿ. ಇರುವೆ ಗೂಡು ಕಟ್ಟಿದರೆ ನೀರು ಕಡಿಮೆ. ಹೆಗ್ಗಣ ಬಂದರೆ ಯಾರೋ ಅನ್ನ, ಸಾರು ಸುರಿದಿದ್ದಾರೆ. ಬೇಯಿಸಿದ್ದು ಬೇಡ ಎಂದು ಗುಡಾಣಕ್ಕೆ ಬೋರ್ಡು ಕಟ್ಟಿ, ಕನ್ನಡದ ಜೊತೆಗೆ ಓಣಿಯಲ್ಲಿ ಓದುವ ಇತರ ಭಾಷೆಗಳಲ್ಲೂ ಬರೆಸಿ.

ಏನು, ಯಾವಾಗ, ಎಷ್ಟು

ಮೊದಲ ಬೆಳೆ ಸೊಪ್ಪೇ ಆಗಿರಲಿ. 25 ದಿನದಲ್ಲಿ ಮನೆಗೊಂದು ಕಟ್ಟು ಸಿಕ್ಕರೆ ಜನ ಉಳಿಯುತ್ತಾರೆ. 75 ದಿನ ಕಾದು ಟೊಮ್ಯಾಟೊ ಎಲೆ ಮುರುಟಿಕೊಂಡರೆ ಉಳಿಯುವುದಿಲ್ಲ. 4×10 ಅಡಿ ಪಾತಿಗೆ ದಂಟಿನ ಬೀಜ 5 ಗ್ರಾಂ. ಬೀಜ ಸಣ್ಣದು, ಒಂದು ಬೊಗಸೆ ಮರಳಿನಲ್ಲಿ ಕಲೆಸಿ ಎರಚದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ಮೆಂತ್ಯ ಅಡುಗೆಮನೆ ಡಬ್ಬಿಯದೇ ಆದೀತು, 50 ಗ್ರಾಂ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ, 40 ಗ್ರಾಂ. ಇಡೀ ಬೀಜ ಬಿತ್ತಿ ‘ಹುಟ್ಟಲೇ ಇಲ್ಲ’ ಎನ್ನುವವರೇ ಹೆಚ್ಚು. ಬಿತ್ತಿದ ಮೇಲೆ ಇರುವೆ ಬೀಜ ಹೊತ್ತೊಯ್ಯುವುದುಂಟು. ಪಾತಿಯ ಅಂಚಿಗೆ ಒಂದು ಹಿಡಿ ಅಕ್ಕಿನುಚ್ಚು ಚೆಲ್ಲಿದರೆ ಅವು ಅಲ್ಲೇ ನಿಲ್ಲುತ್ತವೆ.

ತಳಿಗಳಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬೀಜಗಳು ಹತ್ತಿರದಲ್ಲೇ ಸಿಗುತ್ತವೆ: ಬೆಂಡೆಗೆ ಅರ್ಕಾ ಅನಾಮಿಕಾ, ದಂಟಿಗೆ ಅರ್ಕಾ ಸುಗುಣ, ಟೊಮ್ಯಾಟೊಗೆ ಎಲೆಮುರುಟು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಮೂರನ್ನೂ ತಡೆಯುವ ಅರ್ಕಾ ರಕ್ಷಕ್. ರಕ್ಷಕ್ ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರದು. ಬೀಜ ಉಳಿಸುವ ಪಾಠಕ್ಕೆ ನಾಟಿ ಬದನೆ, ಅವರೆ, ಹೀರೆ ಇರಲಿ.

ಅವರೆಗೆ ಒಂದು ಪಾತಿ ಮೀಸಲಿಡಿ. ನಾಟಿ ಅವರೆ ಹಗಲು ಕಿರಿದಾದಾಗಷ್ಟೇ ಹೂ ಬಿಡುವ ಜಾತಿ. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದ್ದು ಡಿಸೆಂಬರಿನ ಚಳಿಗೆ ಸೊನೆ ಸೂಸುತ್ತಾ ಕಾಯಿಯಾಗುತ್ತದೆ. ಅದನ್ನು ಫೆಬ್ರವರಿಯಲ್ಲಿ ಬಿತ್ತಿ ಕಾದರೆ ಬರೀ ಬಳ್ಳಿ. ಹಾಗೆ ಕಾಲ ನೋಡದೆ ಬೆಳೆಯಬೇಕಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಪಾತಿಗೆ ಎರಡು ಸಾಲು, ಸಾಲಿಗೆ ಒಂದಡಿಗೊಂದು ಕುಣಿ, ಕುಣಿಗೆರಡು ಕಾಳು, ಒಟ್ಟು ನಲವತ್ತು ಕಾಳು. ಸಂಕ್ರಾಂತಿಗೆ ಮುಂಚಿನ ಭಾನುವಾರ ಕೊಯ್ದು ಅಲ್ಲೇ ಕೂತು ಹಿತಕಿದರೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇರೆ ಬೇಕಿಲ್ಲ.

ಮರ ನೆಡುವುದಿದ್ದರೆ ಈ ಅಳತೆಯ ಜಾಗಕ್ಕೆ ಒಂದು, ಹೆಚ್ಚೆಂದರೆ ಎರಡು: ನುಗ್ಗೆ, ನಿಂಬೆ, ಕರಿಬೇವು. ಹೊಂಗೆ, ನೇರಳೆ, ಅತ್ತಿ ಪಾರ್ಕಿನ ಅಗಲಕ್ಕೆ. ಜೂನ್ 5ಕ್ಕೆ ಕಾಯಲೂ ಬೇಡಿ, ಆತುರವೂ ಬೇಡ. ಗುದ್ದಲಿ ಹಾಕಿದಾಗ ಒಂದು ಗೇಣು ಆಳದವರೆಗೆ ಮಣ್ಣು ಹಸಿಯಾಗಿದ್ದರೆ ಹದ ಬಂದಿದೆ. ಮೃಗಶಿರ ಕೈಕೊಟ್ಟರೆ ಆರಿದ್ರಾ ಇದೆ. ಗುಂಡಿ 2×2×2 ಅಡಿ, ಹದಿನೈದು ದಿನ ಮುಂಚೆ ತೋಡಿ ಬಿಸಿಲಿಗೆ ಬಿಡಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ 20 ಲೀಟರು. ಇದನ್ನು ಹಾಕುವ ಮನೆಯ ಹೆಸರು ಸಸಿಯ ಕೊರಳಿಗೆ ಕಟ್ಟಿ. ಬೀಜದುಂಡೆ ಎಸೆಯುವ ಕಾರ್ಯಕ್ರಮ ಮಕ್ಕಳಿಗೆ ಖುಷಿ ಕೊಡುತ್ತದೆ, ಆದರೆ ಎಸೆದ ಉಂಡೆಯಲ್ಲಿ ಮರವಾಗುವುದು ತೀರ ಕಡಿಮೆ. ಅದೇ ಬೀಜವನ್ನು ಹಾಲಿನ ಪ್ಯಾಕೆಟ್ಟಿನಲ್ಲಿ ಮೊಳೆಸಿ ವರ್ಷ ಸಾಕಿದರೆ ಕೈಗೆ ಸಸಿ ಸಿಗುತ್ತದೆ.

ತೋಟಕ್ಕೆ ಬರುವ ನೆಂಟರು

ಮಳೆ ಹಿಡಿದ ವಾರದಲ್ಲಿ ದೈತ್ಯ ಆಫ್ರಿಕನ್ ಬಸವನಹುಳು ಒಂದೇ ರಾತ್ರಿ ಒಂದು ಪಾತಿ ಸೊಪ್ಪು ಮುಗಿಸುತ್ತದೆ. ಗೋಣಿಚೀಲ ಒದ್ದೆ ಮಾಡಿ ಅದರಡಿ ಪರಂಗಿ ಸಿಪ್ಪೆ, ಕೋಸಿನ ಎಲೆ ಇಟ್ಟು ಸಂಜೆ ಹಾಸಿ. ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ಹೋದರೆ ಹುಳುಗಳೆಲ್ಲ ಅಲ್ಲೇ ಸೇರಿರುತ್ತವೆ. ಕೈಗವಸು ಇಲ್ಲದೆ ಮುಟ್ಟಬಾರದು. ಮಿದುಳಿಗೆ ಕಾಯಿಲೆ ತರುವ ಪರೋಪಜೀವಿ ಅದರೊಳಗೆ ಇರುವುದುಂಟು. ಲೀಟರಿಗೆ ನೂರು ಗ್ರಾಂ ಉಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ, ಆಮೇಲೆ ಹೂಳಿ. ಉಪ್ಪನ್ನು ನೇರ ಪಾತಿಗೆ ಎರಚಿದರೆ ಹುಳುವಿನ ಜೊತೆ ಗಿಡವೂ ಹೋಗುತ್ತದೆ. ಜುಲೈ ತಿಂಗಳ ಕಾರ್ಯಕ್ರಮ ಇದೇ: ದೊಡ್ಡ ಮಕ್ಕಳಿಗೆ ರಾತ್ರಿ ಬಸವನಹುಳು ಬೇಟೆ, ಎಣಿಕೆ, ಯಾವ ಪಾತಿಯಲ್ಲಿ ಎಷ್ಟೆಂಬ ಪಟ್ಟಿ.

ಗಿಡದ ಹೇನು, ಬಿಳಿನೊಣಕ್ಕೆ ಬೇವಿನೆಣ್ಣೆ ಲೀಟರಿಗೆ 5 ಮಿಲಿ. ಮೊದಲು ಎಣ್ಣೆಯನ್ನು 2 ಮಿಲಿ ಸೋಪಿನ ದ್ರಾವಣದಲ್ಲಿ ಕಲೆಸಿ ಆಮೇಲೆ ನೀರಿಗೆ ಹಾಕಿ. ಇಲ್ಲವಾದರೆ ಎಣ್ಣೆ ಮೇಲೆ ತೇಲಿ, ಕೊನೆಯ ಗಿಡದ ಎಲೆ ಸುಡುತ್ತದೆ. ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ.

ಇನ್ನು ಬೆಳಗಿನ ಜಾವ ಐದೂವರೆಗೆ ಪ್ಲಾಸ್ಟಿಕ್ ಕವರ್ ಹಿಡಿದು ಬರುವ ಪೂಜೆಯ ಹೂವಿನವರು. ಇದಕ್ಕೆ ಬೇವಿನೆಣ್ಣೆ ಇಲ್ಲ. ‘ಹೂ ಕೀಳಬೇಡಿ’ ಬೋರ್ಡಿನಿಂದ ಏನೂ ಆಗದು. ಬೇಲಿಯ ಹೊರಗೆ, ರಸ್ತೆಗೆ ಮುಖ ಮಾಡಿ ದಾಸವಾಳ, ನಂದಿಬಟ್ಟಲಿನ ಒಂದು ಸಾಲು ನೆಟ್ಟು ‘ಇದು ದೇವರಿಗೆ, ಒಳಗಿನದು ದುಂಬಿಗೆ’ ಎಂದು ಬರೆದುಬಿಡಿ. ಜಗಳ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ಕಾರ್ಯಕ್ರಮ ನಡೆಸುವ ಕ್ರಮ

ಭಾನುವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತು. ಒಂದೂವರೆ ಗಂಟೆಗಿಂತ ಎಳೆದರೆ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಬಿಸಿಲು. ತೋಟದ ಕೆಲಸಕ್ಕೆ 25 ಜನ ಮಿತಿ, ನಡಿಗೆಗೆ ಒಬ್ಬ ಮಾರ್ಗದರ್ಶಿಗೆ 12ರಿಂದ 15. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕೇಳುವುದೂ ಇಲ್ಲ, ಕಾಣುವುದೂ ಇಲ್ಲ, ಅವರು ಅಪಾರ್ಟ್‌ಮೆಂಟ್ ರೇಟು ಮಾತಾಡಲು ಶುರು ಮಾಡುತ್ತಾರೆ. ಸಲಕರಣೆ: ಗುದ್ದಲಿ 2, ಹಾರೆ 1, ಬಾಂಡ್ಲಿ 4, ಕಳೆ ತೆಗೆಯುವ ಕುರ್ಪಿ 10, ಕುಡುಗೋಲು 1, ಕೈಗವಸು 15 ಜೊತೆ (ಐದು ಮಕ್ಕಳ ಅಳತೆಯವು), ಬಕೆಟ್ಟು, ಸೋಪು, ಪ್ರಥಮ ಚಿಕಿತ್ಸೆಯ ಡಬ್ಬಿ. ಕುರ್ಪಿಯ ಹಿಡಿಗೆ ಕೆಂಪು ಬಣ್ಣ ಬಳಿದರೆ ಸೊಪ್ಪಿನ ನಡುವೆ ಕಳೆದುಹೋಗುವುದಿಲ್ಲ.

ಹಿಂದಿನ ಸಂಜೆ ಒಬ್ಬರು ಅದೇ ದಾರಿಯಲ್ಲಿ ನಡೆದು ಬರಬೇಕು. ಮರದಲ್ಲಿ ಹೆಜ್ಜೇನು ಕಟ್ಟಿದೆಯೇ, ತೂಗಾಡುವ ಕೊಂಬೆ ಇದೆಯೇ, ಬೀದಿನಾಯಿ ಮರಿ ಹಾಕಿದೆಯೇ ಎಂದು ನೋಡಲು. ಹೆಜ್ಜೇನು ಕಂಡರೆ ದಾರಿ ಬದಲಿಸಿ. ಮಕ್ಕಳ ಫೋಟೊ ಗುಂಪಿಗೆ ಹಾಕುವ ಮೊದಲು ಅಪ್ಪ-ಅಮ್ಮನ ಒಪ್ಪಿಗೆ ಕೇಳಿ. ವಾಟ್ಸ್‌ಆ್ಯಪ್ ಗುಂಪು ಎರಡಿರಲಿ: ಸೂಚನೆಗೆ ಒಂದು, ಅದರಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯುವಂತಿಲ್ಲ, ನೀರಿನ ಪಾಳಿಯವರಿಗೆ ಇನ್ನೊಂದು. ಒಂದೇ ಆದರೆ ಶುಭೋದಯದ ಗುಲಾಬಿಗಳ ನಡುವೆ ‘ನಾಳೆ ನಾನು ಊರಲ್ಲಿಲ್ಲ’ ಎಂಬ ಸಂದೇಶ ಮುಳುಗುತ್ತದೆ.

ಮಾದರಿಗೆ ಒಂದು ಕಾರ್ಯಕ್ರಮವನ್ನು ಬಿಡಿಸಿ ಹೇಳುವುದಾದರೆ, ಗಣೇಶನ ಹಬ್ಬಕ್ಕೆ ಹಿಂದಿನ ಭಾನುವಾರದ ಪತ್ರೆ ನಡಿಗೆ. ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಗರಿಕೆ, ಬಿಲ್ವ, ಎಕ್ಕ, ಉತ್ತರಣೆ, ಬನ್ನಿ, ಅಶ್ವತ್ಥ, ಮಾವು, ದಾಳಿಂಬೆ, ಕಣಗಿಲೆ, ಲಕ್ಕಿ, ಎಲಚಿ, ದತ್ತೂರ ಮುಂತಾದವು ಸೇರಿವೆ. ಇವುಗಳಲ್ಲಿ ಎಂಟು ಹತ್ತು ನಿಮ್ಮ ಒಂದು ಕಿಲೋಮೀಟರಿನೊಳಗೇ ಇರುತ್ತವೆ, ಅರ್ಧ ಖಾಲಿ ಸೈಟಿನ ಕಳೆಯಾಗಿ. ಮಾರ್ಗದರ್ಶಿ ಹಿಂದಿನ ದಿನವೇ ಅವು ಎಲ್ಲಿವೆಯೆಂದು ನೋಡಿಟ್ಟು ನಕ್ಷೆ ಬರೆಯಬೇಕು. ಮೊದಲ ಹತ್ತು ನಿಮಿಷ ತೋಟದಲ್ಲಿ ಎಲೆ ನೋಡುವ ಪಾಠ: ಅಂಚು ನಯವೋ ಗರಗಸವೋ, ಎಲೆಗಳು ಎದುರುಬದುರೋ ಒಂದು ಬಿಟ್ಟು ಒಂದೋ, ಬಿಡಿ ಎಲೆಯೋ ಬಿಲ್ವದ ಹಾಗೆ ಮೂರು ಕೂಡಿದ್ದೋ. ಆಮೇಲೆ ಐವತ್ತು ನಿಮಿಷ ನಡಿಗೆ, ಗಿಡಕ್ಕೆ ಐದು ನಿಮಿಷದಂತೆ ಹತ್ತು ಗಿಡ. ಹೆಸರನ್ನು ಮೊದಲು ಹೇಳಿಬಿಡಬೇಡಿ. ‘ಯಾರ ಊರಲ್ಲಿ ಇದಕ್ಕೆ ಏನಂತಾರೆ?’ ಎಂದು ಕೇಳಿ. ಮೈಸೂರು ಕಡೆಯ ಸೀಬೆ ಉತ್ತರ ಕರ್ನಾಟಕದಲ್ಲಿ ಪೇರಲ, ಕೋಲಾರದವರಿಗೆ ಚೇಪೆ. ತುಳುನಾಡಿನ ತಿಮರೆ ಇಲ್ಲಿನ ಒಂದೆಲಗ. ಸುಮ್ಮನೆ ನಿಂತಿದ್ದ ಅಜ್ಜಿ ಮಾತಿಗಿಳಿಯುವುದು ಆಗಲೇ. ಕೊನೆಯ ಅರ್ಧ ಗಂಟೆ ತೋಟಕ್ಕೆ ಮರಳಿ ಎಲೆಗಳ ಅಚ್ಚು ತೆಗೆಯುವುದು, ಹೆಸರು ಬರೆಯುವುದು, ಕೈ ತೊಳೆಯುವುದು.

ಎಚ್ಚರಿಕೆಯ ಮಾತೂ ಇದೆ. ದತ್ತೂರ, ಕಣಗಿಲೆ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಈ ಮೂರನ್ನು ಮಾರ್ಗದರ್ಶಿ ತೋರಿಸಬೇಕು, ಮಕ್ಕಳು ಮುಟ್ಟಬಾರದು. ಎಕ್ಕದ ಎಲೆ ಮಗುಚಿದರೆ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆಪಟ್ಟೆ ಹುಳು ಸಿಗುವ ಸಾಧ್ಯತೆ ಇದೆ. ಅಲ್ಲಿಂದ ಮುಂದಿನ ಕಾರ್ಯಕ್ರಮಕ್ಕೆ ದಾರಿ ತಾನೇ ಸಿಗುತ್ತದೆ.

ಆ ಚಿಟ್ಟೆ ಕಾರ್ಯಕ್ರಮಕ್ಕೆ ಅಂಚಿನ 3 ಅಡಿ ಪಟ್ಟಿ ಬೇಕು: ಕರಿಬೇವು, ನಿಂಬೆ, ಎಕ್ಕ, ಈಶ್ವರಿ ಬಳ್ಳಿ. ಹೂವಿನ ಗಿಡವನ್ನಷ್ಟೇ ನೆಟ್ಟರೆ ಚಿಟ್ಟೆ ಬಂದು ಮಕರಂದ ಕುಡಿದು ಹೋಗುತ್ತದೆ. ಮೊಟ್ಟೆ ಇಡಬೇಕಾದರೆ ಹುಳು ತಿನ್ನುವ ಎಲೆಯೇ ಬೇಕು. ನಿಂಬೆ ಚಿಟ್ಟೆಯ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡು ಚಾಚಿ ಘಾಟು ಬಿಡುತ್ತದೆ. ಮಕ್ಕಳು ಇದನ್ನು ಮರೆಯುವುದಿಲ್ಲ. ಕರಿಬೇವಿನ ಎಲೆ ತೂತಾಯಿತೆಂದು ದೂರು ಬಂದೇ ಬರುತ್ತದೆ, ಅದಕ್ಕೇ ಒಂದರ ಬದಲು ಎರಡು ಗಿಡ ನೆಡಿ, ಒಂದು ಒಗ್ಗರಣೆಗೆ.

ಬೆರಕೆ ಸೊಪ್ಪಿನ ನಡಿಗೆಗೆ ಪುಸ್ತಕ ಓದಿದವರಿಗಿಂತ ಕೋಲಾರ, ತುಮಕೂರು, ಮಂಡ್ಯದ ಹಳ್ಳಿಗಳಿಂದ ಬಂದು ಮನೆಗೆಲಸ, ತೋಟದ ಕೆಲಸ ಮಾಡುವ ಹೆಂಗಸರೇ ಸರಿಯಾದ ಗುರುಗಳು. ಅಣ್ಣೆ, ಹೊನಗೊನೆ, ಗಣಿಕೆ ಅವರ ಕಣ್ಣಿಗೆ ದೂರದಿಂದಲೇ ಬೀಳುತ್ತವೆ. ಅವರನ್ನು ಕರೆದರೆ ಸಂಭಾವನೆ ಕೊಡಬೇಕು, ಶಾಲು ಹೊದಿಸಿ ಕಳಿಸುವುದಲ್ಲ. ನಿಯಮ ಒಂದೇ: ನಡಿಗೆಯಲ್ಲಿ ಯಾರೂ ಏನನ್ನೂ ಬಾಯಿಗಿಡುವಂತಿಲ್ಲ, ಚರಂಡಿ ಪಕ್ಕದ್ದನ್ನು ಕೀಳುವಂತಿಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನದ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಬರುತ್ತದೆ. ತೋಟದ ಮುಂದೆಯೇ ಹದಿನೈದು ನಿಮಿಷ ಕೂತು ಪಿಕಳಾರ, ಗೊರವಂಕ, ಸೂರಕ್ಕಿ, ಹದ್ದು, ಗರುಡ ಎಣಿಸಿ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕಬಹುದು. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ. ಕಾಣದ ಹಕ್ಕಿಯನ್ನು ಊಹಿಸಿ ಬರೆಯಬಾರದು ಎಂಬುದೇ ಮಕ್ಕಳಿಗೆ ಕಲಿಸಬೇಕಾದ ಪಾಠ. ವರ್ಷವಿಡೀ ನಡೆಯುವ ಕೆಲಸ ಬೇಕಿದ್ದರೆ ಸೀಸನ್‌ವಾಚ್ ಇದೆ. ಬೀದಿಯ ಒಂದು ಹೊಂಗೆಯನ್ನೋ ಮಾವನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ‘ಇಲ್ಲ, ಸ್ವಲ್ಪ, ತುಂಬ’ ಎಂದು ದಾಖಲಿಸುವುದು. ಎರಡು ನಿಮಿಷದ ಕೆಲಸ, ನೀರಿನ ಪಾಳಿಯ ದಿನವೇ ಮುಗಿಯುತ್ತದೆ.

ಹಂಚಿಕೆ, ಲೆಕ್ಕ, ಬೇಸಿಗೆ ರಜೆ

ಕೊಯ್ಲನ್ನು ಯಾರಿಗೆ ಎಷ್ಟು ಎಂದು ಬಿತ್ತುವ ಮೊದಲೇ ತೀರ್ಮಾನಿಸಿ. ಸುಲಭದ ಪದ್ಧತಿ: ನೀರಿನ ಪಾಳಿಯ ಮನೆಗಳಿಗೆ ಮೊದಲ ಪಾಲು, ಅಂದು ಕೆಲಸಕ್ಕೆ ಬಂದವರಿಗೆ ಎರಡನೆಯದು, ಉಳಿದದ್ದು ಗೇಟಿನ ಬುಟ್ಟಿಗೆ, ಯಾರು ಬೇಕಾದರೂ ಒಯ್ಯಬಹುದು. ಮಾರಾಟ ಬೇಡ. ನಾಲ್ಕು ಕಟ್ಟು ದಂಟಿನ ದುಡ್ಡಿಗೆ ಹುಟ್ಟುವ ಅನುಮಾನ ತೋಟಕ್ಕಿಂತ ಎತ್ತರ ಬೆಳೆಯುತ್ತದೆ. ಖರ್ಚಿನ ಲೆಕ್ಕ ತಿಂಗಳ ಮೊದಲ ವಾರ ಬೋರ್ಡಿನ ಮೇಲೆ, ರಸೀದಿಯ ಜೊತೆ. ಬೀಗದ ಕೈ ಮೂರು ಮನೆಯಲ್ಲಿರಲಿ, ಮೂರೂ ಒಂದೇ ಬೀದಿಯವು ಬೇಡ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಅರ್ಧ ಬಡಾವಣೆ ಊರಿಗೆ ಹೊರಡುತ್ತದೆ. ಪಾಳಿ ಮುರಿದುಬೀಳುವ ಕಾಲ ಇದು, ಇದಕ್ಕೆ ಮಾರ್ಚ್‌ನಲ್ಲೇ ಸಿದ್ಧರಾಗಿ. ಎಂಟರಲ್ಲಿ ಐದು ಪಾತಿಗೆ ಬೆಳೆ ನಿಲ್ಲಿಸಿ, ಏಪ್ರಿಲ್ ನಡುವಿನ ಮೊದಲ ಜೋರು ಮಳೆಗೆ ಪಾತಿಗೆ 25 ಗ್ರಾಂನಂತೆ ಹಸಿರುಗೊಬ್ಬರದ ಸೆಣಬಿನ ಬೀಜ ಚೆಲ್ಲಿ. ಮೊಳೆಯುವ ತನಕ ಮಣ್ಣು ಒಣಗದಂತೆ ನೋಡಿಕೊಂಡರೆ ಆಮೇಲೆ ವಾರಕ್ಕೊಂದು ನೀರಿಗೂ, ನಡುವೆ ಬೀಳುವ ಮಳೆಗೂ ಅದು ಎದ್ದು ನಿಲ್ಲುತ್ತದೆ. ಉಳಿದ ಮೂರು ಪಾತಿಗೆ ಊರಲ್ಲೇ ಇರುವ ಹಿರಿಯರ ಮೂರು ಮನೆ ಸಾಕು. ಸುಮಾರು 45 ದಿನಕ್ಕೆ, ಹಳದಿ ಹೂ ಕಾಣಿಸಿಕೊಂಡ ಕೂಡಲೇ, ಸೆಣಬನ್ನು ಕುಡುಗೋಲಿನಲ್ಲಿ ಕೊಯ್ದು ಗೇಣುದ್ದ ತುಂಡು ಮಾಡಿ ಅಲ್ಲೇ ಮಣ್ಣಿಗೆ ಮಗುಚಿ. ಹೂ ಬಲಿತು ಕಾಯಿ ಕಟ್ಟಲು ಬಿಟ್ಟರೆ ಕಾಂಡ ನಾರಾಗಿ ಬೇಗ ಕಳಿಯುವುದಿಲ್ಲ. ಮಗುಚಿದ ಮೇಲೆ ಹತ್ತು-ಹದಿನೈದು ದಿನ ಏನನ್ನೂ ಬಿತ್ತಬೇಡಿ. ಅಷ್ಟರಲ್ಲಿ ಊರಿಗೆ ಹೋದವರು ವಾಪಸಾಗಿ, ನೀರಿನ ಪಾಳಿಯ ಹೊಸ ಹಾಳೆಗೆ ಹೆಸರು ಬರೆಸುವ ಹೊತ್ತಾಗಿರುತ್ತದೆ.